ಹಳೆ ಫೋರ್ ಬೈ ಫೋರ್ ಪಿಕಪ್: ಎಂಜಿನ್ ಆಮೇಲೆ, ಮೊದಲು ಗಾಡಿ ಕೆಳಗೆ ನೋಡಿ

ಚಿತ್ತಾಪುರ ಕಡೆಯ ಎರೆ ಹೊಲಕ್ಕೆಂದು ಹಳೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಕೊಡಬಲ್ಲ ಪಿಕಪ್ ಒಂದನ್ನು ನೋಡಿದ್ದೀರಿ. ಎಂಜಿನ್ ಚೆನ್ನಾಗಿದೆ, ‘ಫೋರ್ ವ್ಹೀಲ್ ಒಮ್ಮೆಯೂ ಹಾಕಿಲ್ಲ’ ಅಂತಾರೆ ಮಾಲೀಕರು, ಉಳಿದದ್ದು ಹೇಗೆ ನೋಡೋದು ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಇಂಥ ಗಾಡಿಗಳ ಕೆಲಸವೇ ನನ್ನದು. ಮಾಲೀಕರ ಆ ಮಾತು ನನಗೇನೂ ಸಮಾಧಾನ ಕೊಡುವುದಿಲ್ಲ. ಫೋರ್ ವ್ಹೀಲ್ ಹಾಕುವ ಲಿವರ್ ವರ್ಷಗಟ್ಟಲೆ ಮುಟ್ಟದಿದ್ದರೆ ತುಕ್ಕು ಹಿಡಿದು ಬಿಗಿದುಕೊಂಡಿರಬಹುದು. ಇಸುಜು ವಿ-ಕ್ರಾಸ್ ಥರ ಲಿವರ್ ಬದಲು ಗುಂಡಿ ತಿರುಗಿಸುವ ಗಾಡಿಯಾದರೆ ಅದನ್ನು ಕೂಡಿಸುವ ಶಿಫ್ಟ್ ಮೋಟಾರೇ ಸತ್ತಿರಬಹುದು. ಹಾಕಿ ತೋರಿಸಲಿ.

ನಿಜ ಹೇಳೋದು ಆಯಿಲ್, ಎಂಜಿನ್ನಿನದಲ್ಲ, ಆಕ್ಸಲ್‌ಗಳ ಒಳಗಿನದು. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳ, ಕಾಗಿಣಾ ತುಂಬಿದಾಗ ನೀರಿನಲ್ಲೇ ಗಾಡಿ ಹೊಡೆಯುವವರಿದ್ದಾರೆ. ಓಡಿ ಬಿಸಿಯಾದ ಆಕ್ಸಲ್ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲೆಂದು ಹೌಸಿಂಗ್ ಮೇಲೆ ಬ್ರೀದರ್ ಕೊಟ್ಟಿರುತ್ತಾರೆ, ಅದನ್ನು ಎರೆಮಣ್ಣು ಮುಚ್ಚಿದ್ದರೆ ಹೌಸಿಂಗ್ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಆ ನೀರು ಬೇರಿಂಗ್, ಕ್ರೌನ್-ಪಿನಿಯನ್ ಗೇರುಗಳನ್ನು ತಿನ್ನುತ್ತಾ ಹೋಗುತ್ತದೆ.

ಅದಕ್ಕೇ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಿ. ಮೊದಲು ಹೌಸಿಂಗಿಗೆ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಅದು ಜಾಮ್ ಆಗಿದ್ದರೆ ಕೆಳಗಿನ ಡ್ರೈನ್ ಬೋಲ್ಟನ್ನು ಮುಟ್ಟಲೇಬೇಡಿ, ಇಳಿದ ಆಯಿಲ್ ಮತ್ತೆ ಹಾಕಲಿಕ್ಕೆ ದಾರಿ ಇರುವುದಿಲ್ಲ. ಆಮೇಲೆ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ನೀರು ಭಾರ, ತಳದಲ್ಲಿ ನಿಂತಿರುತ್ತದೆ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಕಲಸಿಹೋಗಿದೆ ಅಂತಲೇ ಅರ್ಥ. ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲಿನ ಬೂದು ಪೇಸ್ಟಿಗೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗೋ ಮುರಿದಿರಬಹುದು. ಮುಂದಿನ ಆಕ್ಸಲ್, ಹಿಂದಿನದು, ಎಳೆತವನ್ನು ಮುಂದೆ-ಹಿಂದೆ ಹಂಚುವ ಗೇರ್ ಪೆಟ್ಟಿಗೆ ಅಂದರೆ ಟ್ರಾನ್ಸ್‌ಫರ್ ಕೇಸ್, ಮೂರನ್ನೂ ಹೀಗೇ ನೋಡಬೇಕು. ಬಿಚ್ಚಲು ಬಿಡದ ಮಾಲೀಕರ ಗಾಡಿ ನನಗಂತೂ ಬೇಡ.

ಮುಂದಿನ ಚಕ್ರಕ್ಕೆ ನಿಜವಾಗಿಯೂ ಎಳೆತ ಹೋಗುತ್ತದೆಯೇ? ಮಣ್ಣಿನ ನೆಲದಲ್ಲಿ ಫೋರ್ ಹೈ (ಮಾಮೂಲಿ ವೇಗದ ಫೋರ್ ವ್ಹೀಲ್) ಹಾಕಿ ನಾಲ್ಕು ಗಜ ಮುಂದೆ ತಂದು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಒಂದೇ ಚಕ್ರವನ್ನು ಜಾಕ್ ಮೇಲೆ ಎತ್ತಿ. ಕೈಯಲ್ಲಿ ತಿರುಗಿಸಿದರೆ ತುಸು ಆಡಿ ತಡೆಯಬೇಕು. ಸಲೀಸಾಗಿ ಸುತ್ತಿದರೆ ಚಕ್ರವನ್ನು ಶಾಫ್ಟಿಗೆ ಕೂಡಿಸುವ ಹಬ್ ಲಾಕೋ ಟ್ರಾನ್ಸ್‌ಫರ್ ಕೇಸೋ ಕೂಡುತ್ತಿಲ್ಲ, ನೀವು ಕೊಳ್ಳುತ್ತಿರುವುದು ಬರೀ ಹೆಸರಿನ ಫೋರ್ ಬೈ ಫೋರ್. ಜಾಕ್ ಮೇಲಿರುವಾಗ ಕೆಳಗೆ ಮಾತ್ರ ನುಗ್ಗಬೇಡಿ.

ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿ ತಿರುವು ತೆಗೆದುಕೊಳ್ಳುವುದೂ ಬೇಡ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ-ಹಿಂದಿನ ಶಾಫ್ಟ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ನಡುವೆ ಇರುವುದಿಲ್ಲ, ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಶಾಫ್ಟ್‌ಗಳು ಹಿಂಡಿಕೊಳ್ಳುತ್ತವೆ. ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕಾದ್ದೂ ಇದಕ್ಕೇ. ಫೋರ್ ಲೋ (ನಿಧಾನ, ಹೆಚ್ಚು ಎಳೆತದ್ದು) ಹಾಕಿ ಒಂದು ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ, ಲಿವರ್ ತಾನೇ ಜಿಗಿದು ಕಳಚಬಾರದು.

ಉಳಿದದ್ದು ಬೇಗ ಮುಗಿಯುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ತಿರುಚಿ, ಅದರ ತುದಿಯ ಜಾಯಿಂಟ್ ಅಂದರೆ ಕ್ರಾಸ್ ಹತ್ತಿರ ಕೆಂಪು ತುಕ್ಕಿನ ಪುಡಿ ಇದ್ದರೆ ಅದರ ಗ್ರೀಸ್ ಒಣಗಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಟಕಟಕ ಅಂದರೆ ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಮಡಚುವ ಜಾಯಿಂಟ್ (ಸಿವಿ ಜಾಯಿಂಟ್) ಹೋಗಿದೆ. ರಾಡಿಯಲ್ಲಿ ಹೂತು ಒದ್ದಾಡಿದ ಗಾಡಿಯ ಕ್ಲಚ್ ಬೇಗ ಸವೆದಿರುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿ ಹಿಡಿಯುವುದಾದರೆ ಅದನ್ನೆಳೆದು, ಮೂರನೇ ಗೇರಿನಲ್ಲಿ ಕ್ಲಚ್ ಬಿಡಿ, ಎಂಜಿನ್ ತಕ್ಷಣ ನಿಲ್ಲಬೇಕು. ಆಮೇಲೆ ಸೇಡಂ ರಸ್ತೆಯಲ್ಲಿ ಕಿಟಕಿ ಇಳಿಸಿ ಓಡಿಸಿ. ಆಕ್ಸಿಲರೇಟರ್ ಒತ್ತಿದಾಗೊಂದು, ಬಿಟ್ಟಾಗೊಂದು ಸ್ವರದಲ್ಲಿ ಕೊಯ್ಯುವ ಸದ್ದು ಕೇಳಿದರೆ ಮೊದಲ ಅನುಮಾನ ಆಕ್ಸಲ್ ಒಳಗಿನ ಡಿಫರೆನ್ಶಿಯಲ್ ಮೇಲೆ.

ಹಾಳಾದದ್ದು ಕ್ರಾಸ್, ಸೀಲ್, ಸಿವಿ ಜಾಯಿಂಟಿನ ರಬ್ಬರ್ ಬೂಟ್ ಅಷ್ಟೇ ಆದರೆ ಅಷ್ಟು ಬೆಲೆ ಇಳಿಸಿ ಕೊಳ್ಳಿ. ನೀರು ಕುಡಿದ ಟ್ರಾನ್ಸ್‌ಫರ್ ಕೇಸ್ ಇದ್ದರೆ ಎಷ್ಟೇ ಅಗ್ಗಕ್ಕೆ ಬಂದರೂ ಬಿಡಿ. ಅನುಮಾನವಿದ್ದರೆ ಮ್ಯಾಗ್ನೆಟ್ಟಿನ, ಆಯಿಲಿನ ಫೋಟೊ ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.