ಪ್ರಿಂಟರ್‌ನ ವೆಬ್ ಪೇಜಿಗೆ ಬೀಗ ಬಂದರೆ ಪ್ರಿಂಟಿಗೂ ಬೀಗ ಬಿದ್ದಂತಲ್ಲ

ಕೊಳ್ಳಬೇಡಿ. ಸಾಗರದ ಆಫೀಸಿನ ಪ್ರಿಂಟರ್‌ಗೆ ಯಾವ ಸರ್ಟಿಫಿಕೇಟ್ (ಸಾಧನ ನಿಜವಾದದ್ದೇ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತುಪತ್ರ) ಕೊಂಡರೆ ಬ್ರೌಸರ್‌ನ ‘ಸುರಕ್ಷಿತವಲ್ಲ’ ಎಚ್ಚರಿಕೆ ಹೋಗುತ್ತದೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಲೆದಿದ್ದೇನೆ.

ಆಗ ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ಮಾರಾಟದ ಪಟ್ಟಿ, ಬೆಳೆಗಾರರ ಮುಂಗಡದ ಲೆಕ್ಕ, ಬ್ಯಾಂಕ್ ಖಾತೆ ನಂಬರ್, ಎಲ್ಲವೂ ಒಂದೇ ಪ್ರಿಂಟರ್‌ನಲ್ಲಿ ಬರುತ್ತಿತ್ತು. ಮಂಡಿಗೆ ಬಂದವರಿಗೂ ಅದೇ ವೈಫೈ. “ಒಬ್ಬರ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಮಾರಾಯ” ಎಂದಿದ್ದರು ಯಜಮಾನರು.

ಕೊಳ್ಳಲು ಹೊರಟರೆ ಸಿಗಲೇ ಇಲ್ಲ. 192.168ರಿಂದ ಶುರುವಾಗುವ ಒಳಗಿನ ವಿಳಾಸಕ್ಕೆ ಬ್ರೌಸರ್‌ಗಳು ನಂಬುವ ಯಾವ ಸಂಸ್ಥೆಯೂ ಸರ್ಟಿಫಿಕೇಟ್ ಕೊಡುವಂತಿಲ್ಲ. ಹಿಂದೆ ಕೊಟ್ಟಿದ್ದನ್ನೂ 2016ರ ಅಕ್ಟೋಬರ್ ಹೊತ್ತಿಗೆ ರದ್ದು ಮಾಡಬೇಕಿತ್ತು. ಹಾಗಾಗಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಮಂಡಿಯದೇ ಒಂದು ರೂಟ್ ಸರ್ಟಿಫಿಕೇಟ್, ಅಂದರೆ ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್, ಮಾಡಿದೆ. ಪ್ರಿಂಟರ್‌ನಿಂದ ಸಿಎಸ್‌ಆರ್ (ಸರ್ಟಿಫಿಕೇಟ್ ಕೇಳುವ ಅರ್ಜಿಯ ಫೈಲ್) ತೆಗೆದು, ಆ ರೂಟ್‌ನಿಂದ ಸಹಿ ಮಾಡಿ, ವಾಪಸ್ ಹಾಕಿದೆ. ರೂಟನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿಸಿದೆ. ಎಚ್ಚರಿಕೆ ಹೋಯಿತು, ಬೀಗದ ಗುರುತು ಬಂತು. “ಇನ್ನು ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ, ಬೇರೆಯವರಿಗೆ ಓದಲಾಗದ ಹಾಗೆ, ಹೋಗುತ್ತದೆ” ಅಂತ ಯಜಮಾನರಿಗೆ ಹೇಳಿಬಿಟ್ಟೆ.

ಆ ಮಾತು ಸುಳ್ಳಾಗಿತ್ತು. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಅವರ ಅಳಿಯ ದೀಪಾವಳಿಗೆ ಬಂದಿದ್ದರು. ಸ್ವಿಚ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಪ್ರಿಂಟರ್‌ಗೆ ಹೋಗುವುದನ್ನೆಲ್ಲ ವೈರ್‌ಶಾರ್ಕ್ ಎಂಬ, ನೆಟ್‌ವರ್ಕ್‌ನಲ್ಲಿ ಹರಿಯುವ ಡೇಟಾ ನೋಡುವ ತಂತ್ರಾಂಶದಲ್ಲಿ ಹಿಡಿದರು. ಹಿಡಿದ ಡೇಟಾವನ್ನು ಅದೇ ಮಾಡೆಲ್‌ನ ಇನ್ನೊಂದು ಪ್ರಿಂಟರ್‌ಗೆ ಕಳಿಸಿದರು. ಒಬ್ಬ ಬೆಳೆಗಾರರ ಪಟ್ಟಿ ಖಾತೆ ನಂಬರ್ ಸಮೇತ ಹೊರಬಂತು. ಆ ವರ್ಷದ ನಂತರ ಮಂಡಿಯ ಕೆಲಸ ನನ್ನ ಕೈಯಲ್ಲಿ ಉಳಿಯಲಿಲ್ಲ.

ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಒಂದು ಪ್ರಿಂಟರ್‌ಗೆ ಹಲವು ಪೋರ್ಟ್‌ಗಳಿರುತ್ತವೆ, ಅಂದರೆ ಡೇಟಾ ಒಳಬರುವ ನಂಬರ್ ಹಾಕಿದ ಬಾಗಿಲುಗಳು. ನೀವು ಬ್ರೌಸರ್‌ನಲ್ಲಿ ತೆರೆಯುವ ಸೆಟ್ಟಿಂಗ್ ಪೇಜ್ 443ರಲ್ಲಿ ಬರುತ್ತದೆ. ನಾನು ಹಾಕಿದ ಸರ್ಟಿಫಿಕೇಟ್ ಕಾಯುತ್ತಿದ್ದದ್ದು ಆ ಪೇಜನ್ನು, ಅಂದರೆ ಅಡ್ಮಿನ್ ಪಾಸ್‌ವರ್ಡನ್ನು. ಆದರೆ ವಿಂಡೋಸ್‌ನಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟ್ ಅಂತ ಸೇರಿಸಿದ ಪ್ರಿಂಟರ್‌ಗೆ ಕಾಗದಗಳು ಸಾಮಾನ್ಯವಾಗಿ 9100ರಲ್ಲಿ ಹೋಗುತ್ತವೆ. ಆ ಪೋರ್ಟ್‌ನಲ್ಲಿ ಎನ್‌ಕ್ರಿಪ್ಷನ್ ಅನ್ನೋದೇ ಇಲ್ಲ. ಸರ್ಟಿಫಿಕೇಟ್ ಎಷ್ಟೇ ಒಳ್ಳೆಯದಿರಲಿ, 9100ಕ್ಕೆ ಅದರ ಪರಿವೆಯೇ ಇಲ್ಲ. ಎಲ್‌ಪಿಡಿ ಎಂಬ ಹಳೆಯ ಪ್ರಿಂಟ್ ಪದ್ಧತಿಯ 515 ಕೂಡ ಹಾಗೆಯೇ.

ಪ್ರಿಂಟ್ ಗುಟ್ಟಾಗಿ ಹೋಗಬೇಕಾದರೆ ಐಪಿಪಿಎಸ್ ಬಳಸಬೇಕು. ಅದು ಟಿಎಲ್‌ಎಸ್ (ಎನ್‌ಕ್ರಿಪ್ಟ್ ಮಾಡುವ ಪದ್ಧತಿ) ಒಳಗೆ ಸಾಗುವ ಐಪಿಪಿ (ನೆಟ್‌ವರ್ಕ್‌ನಲ್ಲಿ ಪ್ರಿಂಟ್ ಕಳಿಸುವ ಪದ್ಧತಿ), ಹೆಚ್ಚಾಗಿ 631ರಲ್ಲಿ. ನೀವು ಮಾಡುವ ಸರ್ಟಿಫಿಕೇಟ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಪ್ರತಿ ಕಂಪ್ಯೂಟರ್‌ನಲ್ಲೂ ಪ್ರಿಂಟರನ್ನು ಐಪಿಪಿಎಸ್ ಮೂಲಕ ಹೊಸದಾಗಿ ಸೇರಿಸಿ. ಪ್ರಿಂಟ್ ಸರಿಯಾಗಿ ಬರುತ್ತಿದೆ ಅಂತ ಖಾತ್ರಿಯಾದ ಮೇಲೆಯೇ 9100, ಎಲ್‌ಪಿಡಿ, ಎಫ್‌ಟಿಪಿ, ಟೆಲ್‌ನೆಟ್‌ನಂಥ ಎನ್‌ಕ್ರಿಪ್ಷನ್ ಇಲ್ಲದ ಹಳೆಯ ದಾರಿಗಳನ್ನೆಲ್ಲ ಆಫ್ ಮಾಡಿ.

ಸಿಎಸ್‌ಆರ್ ತುಂಬುವಾಗ ಹೆಸರಿನ ಕಡೆ ಗಮನ ಇರಲಿ. ಕ್ರೋಮ್ 2017ರಿಂದ ಸರ್ಟಿಫಿಕೇಟ್‌ನಲ್ಲಿ ‘ಕಾಮನ್ ನೇಮ್’ ಎಂಬ ಹೆಸರಿನ ಜಾಗ ನೋಡುವುದನ್ನೇ ಬಿಟ್ಟಿದೆ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ನಲ್ಲಿ ಪ್ರಿಂಟರ್‌ನ ಹೆಸರು, ಐಪಿ ವಿಳಾಸ ಎರಡೂ ಇರಬೇಕು. ಎಷ್ಟೋ ಪ್ರಿಂಟರ್‌ಗಳ ಫಾರ್ಮಿನಲ್ಲಿ ಆ ಜಾಗವೇ ಇರುವುದಿಲ್ಲ, ಸಹಿ ಮಾಡುವಾಗ ನೀವೇ ಸೇರಿಸಬೇಕು. ಐಪಿ ಬದಲಾದರೆ ಸರ್ಟಿಫಿಕೇಟ್‌ಗೆ ಹೊಂದುವುದಿಲ್ಲ, ಹಾಗಾಗಿ ರೌಟರ್‌ನಲ್ಲಿ ಐಪಿಯನ್ನೂ ಕಾಯಂ ಮಾಡಿಬಿಡಿ.

ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವವರಾದರೆ ಪ್ರಿಂಟರ್‌ನ ಗಡಿಯಾರವನ್ನು ನೆಟ್‌ವರ್ಕ್‌ನಿಂದ ಸರಿಮಾಡುವ ಎಸ್‌ಎನ್‌ಟಿಪಿ ಆನ್ ಮಾಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ, ಅಲ್ವಾ? ಕೆಲವು ಪ್ರಿಂಟರ್‌ಗಳ ಗಡಿಯಾರ ಆಗ ಹಳೆಯ ತಾರೀಕಿಗೆ ಹೋಗಿಬಿಡುತ್ತದೆ. ಮೇಲ್ ಸರ್ವರ್‌ನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ತಿಳಿದು, ಪ್ರಿಂಟರ್ ಮೇಲ್ ಕಳಿಸದೆ ಸುಮ್ಮನಾಗುತ್ತದೆ.

ನಿಮ್ಮದು ಐಪಿಪಿಎಸ್ ಇಲ್ಲದ ಹಳೇ ಪ್ರಿಂಟರ್ ಆಗಿದ್ದರೆ ಸರ್ಟಿಫಿಕೇಟ್ ಹಿಂದೆ ಸುಮ್ನೆ ಸಮಯ ಕಳೆಯಬೇಡಿ. ನೆಟ್‌ವರ್ಕ್‌ನಿಂದ ತೆಗೆದು, ಹೆಚ್ಚು ಪ್ರಿಂಟ್ ಹೊಡೆಯುವವರ ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿ. ಗುಟ್ಟಿನ ಕಾಗದಗಳನ್ನು ಅಲ್ಲಿಂದಲೇ ಹೊಡೆಯಿರಿ. ಮೊದಲು ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ‘ಪೋರ್ಟ್ಸ್’ ತೆರೆದು, ‘ಕಾನ್ಫಿಗರ್ ಪೋರ್ಟ್’ ಒತ್ತಿ, ಅಲ್ಲಿ ಯಾವ ನಂಬರ್ ಇದೆ ನೋಡಿ. ಅದನ್ನೂ ಪ್ರಿಂಟರ್ ಮಾಡೆಲನ್ನೂ ಇಲ್ಲಿ ಬರೆಯಿರಿ, ಮುಂದಿನದು ಹೇಳುತ್ತೇನೆ.