ಆಕ್ಸಿಮೀಟರ್ ಮನೆಯಲ್ಲಿ 91, ದವಾಖಾನೆಯಲ್ಲಿ 97: ಪ್ರತಿಕ್ರಿಯೆ

ಗದಗಿನಲ್ಲಿರುವ ತಮ್ಮ ತಾಯಿಯವರ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ನಸುಕಿನಲ್ಲಿ 91 ತೋರಿಸಿ, ಅದೇ ದಿನ ದವಾಖಾನೆಯಲ್ಲಿ 97 ತೋರಿಸಿದ್ದೇಕೆ ಎಂದು ಕೇಳಿದ್ದೀರಿ. ಈ ಅಂಕಿ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡಾವಾರು ಹೇಳುತ್ತದೆ; ಆದರೆ ಈ ಉಪಕರಣವು ಆಮ್ಲಜನಕವನ್ನು ನೇರವಾಗಿ ಅಳೆಯುವುದಿಲ್ಲ. ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಇನ್‌ಫ್ರಾರೆಡ್ ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿ ಬಡಿದಂತೆ ಏರಿಳಿಯುವ ಭಾಗವನ್ನಷ್ಟೇ ಬೇರ್ಪಡಿಸಿ, ಎರಡರ ಅನುಪಾತದಿಂದ ಅಂಕಿಯನ್ನು ಲೆಕ್ಕ ಹಾಕುತ್ತದೆ. ಈ ಏರಿಳಿತವನ್ನು ಹಿಡಿಯುವ ಉಪಾಯವನ್ನು ಜಪಾನಿನ ಎಂಜಿನಿಯರ್ ತಾಕುಓ ಅಓಯಾಗಿ 1974ರಲ್ಲಿ ಮುಂದಿಟ್ಟರು. ನನ್ನ ಮಟ್ಟಿಗೆ ಇಡೀ ಯಂತ್ರದ ಜಾಣತನವಿರುವುದು ಅಲ್ಲಿಯೇ, ದೌರ್ಬಲ್ಯವೂ ಅಲ್ಲಿಯೇ.

ಚಳಿಯಲ್ಲಿ ತಣ್ಣೀರಿನಿಂದ ಪಾತ್ರೆ ತೊಳೆದ ಕೈಯ ರಕ್ತನಾಳಗಳು ಕುಗ್ಗಿ, ಆ ಏರಿಳಿತವೇ ಕ್ಷೀಣಿಸುವುದರಿಂದ ಅಂಕಿಯು ತಪ್ಪಬಹುದು. ಕೆಂಪು ಮದರಂಗಿಯು ಅಷ್ಟಾಗಿ ಕಾಡದು. ಕಪ್ಪು ಮೆಹಂದಿ ಮತ್ತು ಗಾಢ ಬಣ್ಣದ ನೇಲ್ ಪಾಲಿಶ್ ಬೆಳಕನ್ನು ನುಂಗುತ್ತವೆ. ಇನ್ನೊಂದೆಡೆ, 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಜವಾಗಿ ಆಮ್ಲಜನಕ ಕಡಿಮೆಯಿದ್ದರೂ ಯಂತ್ರ ಆರೋಗ್ಯಕರ ಮಟ್ಟದ ಅಂಕಿ ತೋರಿಸಿದ ಪ್ರಮಾಣವು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಇತ್ತು. ಆದ್ದರಿಂದ ಚೆನ್ನಾಗಿ ಕಾಣುವ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬಾರದು.

ಕೈಯನ್ನು ಉಜ್ಜಿ ಬೆಚ್ಚಗಾಗಿಸಿ, ಐದು ನಿಮಿಷ ಕೂರಿಸಿ, ಮಣಿಕಟ್ಟಿನಲ್ಲಿ ತಾವೇ ಎಣಿಸಿದ ನಾಡಿಗೆ ಯಂತ್ರದ ನಾಡಿಯ ಅಂಕಿ ಹೊಂದಿದ ಮೇಲಷ್ಟೇ ಬರೆದಿಟ್ಟುಕೊಳ್ಳಿ. ಆಗಲೂ 92ಕ್ಕಿಂತ ಕಡಿಮೆಯೇ ಬಂದರೆ, ಅಥವಾ ಅಂಕಿ ಎಷ್ಟೇ ಇದ್ದರೂ ಉಬ್ಬಸ ಕಂಡರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ; ಅಗತ್ಯವಿದ್ದರೆ ಅವರು ಅಪಧಮನಿಯ ರಕ್ತ ತೆಗೆದು ಪರೀಕ್ಷಿಸುತ್ತಾರೆ.