ಮೊದಲ ಚಳಿಗಾಲಕ್ಕೆ ಬಂಗಾರದ ಮನುಷ್ಯ ಬೇಡ

ನಿನ್ನ ಪ್ರಶ್ನೆ ಓದಿ ನಗು ಬಂತು. ಸ್ವಲ್ಪ ಪಾಪ ಅಂತಲೂ ಅನ್ನಿಸಿತು. ಆಗಸ್ಟ್‌ನಲ್ಲಿ ನೀನು ಶಿವಮೊಗ್ಗದಿಂದ ಡೆಟ್ರಾಯಿಟ್ ಪಕ್ಕಕ್ಕೆ ಬಂದೆ, ಈಗ ನವೆಂಬರ್. ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು, ಸಂಜೆ ಐದೂಕಾಲಿಗೆಲ್ಲ ಹೊತ್ತು ಮುಳುಗುತ್ತೆ. "ಅಕ್ಕಾ, ಆಫೀಸಿಂದ ಬಂದ ಮೇಲೆ ಏನು ಮಾಡೋದು? ಹಳೇ ಕನ್ನಡ ಸಿನಿಮಾ ಹಾಕಿಕೊಂಡು ಕೂತರೆ ಊರಿನ ನೆನಪು ಕಮ್ಮಿ ಆಗುತ್ತಾ, ಜಾಸ್ತಿ ಆಗುತ್ತಾ?" ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ತಾನು ಅಂತಲೇ ಬರೆಯುತ್ತೇನೆ.

ಕಮ್ಮಿಯೋ ಜಾಸ್ತಿಯೋ ಅನ್ನುವುದು ನೀನು ಯಾವ ಸಿನಿಮಾ ಹಾಕುತ್ತೀಯ ಅನ್ನುವುದರ ಮೇಲಿದೆ. ಇದು ನಾನು ಪಾಠ ಕಲಿತು ಹೇಳುತ್ತಿರುವ ಮಾತು.

ನಾನು ಬಂದದ್ದು 1999ರಲ್ಲಿ. ಮೊದಲ ಡಿಸೆಂಬರ್‌ನಲ್ಲಿ ಪರಿಚಯದವರೊಬ್ಬರು 'ಬಂಗಾರದ ಮನುಷ್ಯ' ಕ್ಯಾಸೆಟ್ ಕೊಟ್ಟರು. 1972ರ ಸಿನಿಮಾ, ಬೆಂಗಳೂರಿನಲ್ಲಿ ಒಂದೇ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು. ಅದನ್ನು ನೋಡಿ ಎಷ್ಟೋ ಹುಡುಗರು ಪಟ್ಟಣ ಬಿಟ್ಟು ಊರಿಗೆ ವಾಪಸ್ ಹೋಗಿ ಬೇಸಾಯ ಹಿಡಿದರು ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ಊರು ಬಿಟ್ಟು ಬಂದು ನಾಲ್ಕು ತಿಂಗಳಾದವಳಿಗೆ ಕೊಡುವ ಸಿನಿಮಾನಾ ಅದು? ರಾಜೀವ ಬಂಡೆ ಒಡೆದು ಹೊಲ ಮಾಡುತ್ತಾನೆ, ನಾನು ಸೋಫಾ ಮೇಲೆ ಎರಡು ಕಂಬಳಿ ಹೊದ್ದು ಕೂತಿದ್ದೇನೆ. ಕೊನೆಗೆ ಎಲ್ಲ ಬಿಟ್ಟು ಸುಮ್ನೆ ನಡೆದುಹೋಗುತ್ತಾನಲ್ಲ, ಆಗ ಅತ್ತ ಅಳು ಮಾರನೇ ದಿನ ಆಫೀಸಿಗೆ ಹೋದರೂ ನಿಂತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟಿಕೆಟ್ ಏಜೆಂಟಿಗೆ ಫೋನ್ ಮಾಡಿ ಬೆಂಗಳೂರಿಗೆ ಎಷ್ಟು ಅಂತ ಕೇಳಿದೆ. ಅವನು ಹೇಳಿದ ರೇಟು ಕೇಳಿ ಅಳು ನಿಂತಿತು.

ಸಿನಿಮಾ ಕೆಟ್ಟದ್ದಲ್ಲ ಮತ್ತೆ. ಆಮೇಲೆ ನಾಲ್ಕೈದು ಸಲ ನೋಡಿದ್ದೇನೆ. ಆದರೆ ಮೊದಲ ಚಳಿಗಾಲಕ್ಕೆ ಬೇಡ. 'ಕಸ್ತೂರಿ ನಿವಾಸ'ವೂ ಬೇಡ. ಇದ್ದದ್ದನ್ನೆಲ್ಲ ಕೊಟ್ಟು ಬರಿಗೈ ಆಗುವವನ ಕಥೆಯನ್ನು ಒಬ್ಬಳೇ ಕೂತು, ಹೊರಗೆ ಹಿಮ ಬೀಳುವಾಗ ನೋಡಬಾರದು. ಬೇಸಿಗೆಯಲ್ಲಿ ನೋಡು, ರಾತ್ರಿ ಒಂಬತ್ತರವರೆಗೂ ಬಿಸಿಲಿರುತ್ತೆ.

ಹಾಗಾದರೆ ಏನು ನೋಡಲಿ ಅಂತೀಯ? 1990ರ 'ಗಣೇಶನ ಮದುವೆ'. ಯಾರಾದರೂ ಅದನ್ನು ಸಣ್ಣ ಸಿನಿಮಾ ಅಂದರೆ ನನಗೆ ಸಿಟ್ಟು ಬರುತ್ತೆ. ಅನಂತ್ ನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು, ಒಂದು ವಠಾರ. ಅಷ್ಟೇ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗದೆ ಇರುವುದೇ ಇಲ್ಲ, ದಿನಾ ಒಂದು ಜಗಳ. ಇಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಮೂರನೇ ವರ್ಷ ಅವರು ಮನೆ ಖಾಲಿ ಮಾಡಿದರು. ಅಂಥ ಕಡೆ ಕೂತು ಆ ವಠಾರದ ಗಲಾಟೆ ಕೇಳಿದರೆ ಎಷ್ಟು ಹಿತ ಗೊತ್ತಾ? ಅಡುಗೆ ಮಾಡುವಾಗ ಸುಮ್ನೆ ಹಾಕಿಟ್ಟಿರು, ನೋಡಲೇಬೇಕು ಅಂತಿಲ್ಲ.

'ಭೂತಯ್ಯನ ಮಗ ಅಯ್ಯು' ಕೂಡ ಆಗುತ್ತೆ, ಆದರೆ ಮನೆಯಲ್ಲಿ ಉಪ್ಪಿನಕಾಯಿ ಇರಬೇಕು. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯ ಬಂದಾಗ ಬರೀ ಬಾಯಲ್ಲಿ ಕೂತಿರಲು ಯಾರ ಕೈಲೂ ಆಗಲ್ಲ. ನಾವಂತೂ ಅಲ್ಲಿ ಸಿನಿಮಾ ನಿಲ್ಲಿಸಿ ಮೊಸರನ್ನ ಕಲಸಿಕೊಂಡು ಬರುತ್ತೇವೆ.

ಇನ್ನು ಕೆಲವು ಸಿನಿಮಾಗಳು ಇಲ್ಲಿಗೆ ಬಂದ ಮೇಲೆ ನನ್ನ ಕಣ್ಣಿಗೇ ಬೇರೆ ಆದವು. 'ನಾಗರಹಾವು' ಅಂದರೆ ನನಗೆ ಪ್ರಾಣ. ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ಮಗಳಿಗೆ ಹನ್ನೆರಡು ಆದಾಗ ಹೆಮ್ಮೆಯಿಂದ ತೋರಿಸಿದೆ. ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುವುದು, ಆಮೇಲೆ ಅವಳ ಬಾಳು ಹಾಳಾಗುವುದು, ಎಲ್ಲ ನೋಡಿದಳು. ಕೊನೆಗೆ ಕೇಳಿದಳು: "ಅಂದರೆ ವಿಲನ್ ಆ ಮೇಷ್ಟ್ರೇ ತಾನೇ?" ಮೂವತ್ತು ವರ್ಷ ಆ ಮೇಷ್ಟ್ರಿಗೋಸ್ಕರ ಅತ್ತವಳು ನಾನು! ಜಗಳ ಆಡಿದೆ. ರಾತ್ರಿ ಮಲಗಿದ ಮೇಲೆ, ಅವಳು ಹೇಳಿದ್ದರಲ್ಲಿ ಏನು ತಪ್ಪು ಅಂತ ಅನ್ನಿಸಿತು. ನಿರ್ದೇಶಕ ಪುಟ್ಟಣ್ಣನವರಿಗೂ ಅದು ಗೊತ್ತಿತ್ತೋ ಏನೋ.

'ಶರಪಂಜರ'ದ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ರಾಜಿ ಆಗಿಲ್ಲ. ಕಲ್ಪನಾ ಅವರದ್ದು ಓವರ್ ಆಕ್ಟಿಂಗ್ ಅಂತ ಇವರ ವಾದ. ಆಸ್ಪತ್ರೆಯಿಂದ ವಾಪಸ್ ಬಂದವಳನ್ನು ಮನೆಯವರೇ ಅನುಮಾನದಿಂದ ನೋಡುತ್ತಿದ್ದರೆ ಮೆಲ್ಲಗೆ ಮಾತಾಡಬೇಕಿತ್ತಾ ಅಂತ ನನ್ನ ವಾದ. ನೋಡಿ ನೀನೇ ಹೇಳು, ಅದನ್ನೂ ಬೇಸಿಗೆಗೇ ಇಟ್ಟುಕೋ.

1997ರ 'ಅಮೆರಿಕಾ ಅಮೆರಿಕಾ'ವನ್ನು ನಿನಗೆ ಎಲ್ಲರೂ ಹೇಳಿಯೇ ಹೇಳುತ್ತಾರೆ. ಊರಲ್ಲಿದ್ದಾಗ ನನಗೆ ಬಹಳ ಇಷ್ಟ ಆಗಿತ್ತು. ಇಲ್ಲಿ ಬಂದು ಎರಡು ವರ್ಷ ಆದ ಮೇಲೆ ನೋಡಿದಾಗ ಕೋಪ ಬಂತು. ಹೋದವನ ಮನಸ್ಸು ಒಣಗುತ್ತೆ, ಉಳಿದವನ ಮನಸ್ಸು ಹಸಿರಾಗಿರುತ್ತೆ ಅನ್ನುವ ಲೆಕ್ಕ ಅಷ್ಟು ಸಲೀಸಾ? ಸಿನಿಮಾದಲ್ಲಿ ಅಮೆರಿಕಕ್ಕೆ ಹೋಗುವವನು ಶಶಾಂಕ. ಇಲ್ಲಿ ನಾನು ನೋಡಿದ ಅಂಥ ಶಶಾಂಕರಲ್ಲಿ ಮುಕ್ಕಾಲು ಜನ ವಾರಕ್ಕೆ ಎರಡು ಸಲ ಅಮ್ಮನಿಗೆ ಫೋನ್ ಮಾಡಿ, ಮಾತ್ರೆ ತಗೊಂಡೆಯಾ ಅಂತ ಕೇಳುವವರು. ಹಾಡುಗಳ ವಿಷಯ ಬೇರೆ. ಅಡಿಗರ 'ಯಾವ ಮೋಹನ ಮುರಳಿ' ಶುರುವಾದರೆ ನನ್ನ ವಾದವೆಲ್ಲ ಅಲ್ಲೇ ನಿಂತುಬಿಡುತ್ತೆ. ಸಂಗೀತ ಮಾಡಿದ ಮನೋಮೂರ್ತಿ ಅವರೇ ಅಮೆರಿಕದಲ್ಲಿ ನೆಲೆಸಿದವರು, ನೋಡು ಮತ್ತೆ!

ಒಂದು ಉಪಯೋಗದ ಮಾತು. ಯೂಟ್ಯೂಬಿನಲ್ಲಿ ಹಳೇ ಸಿನಿಮಾ ಬೇಕಾದಷ್ಟಿವೆ, ಆದರೆ ಎಷ್ಟೋ ಪ್ರಿಂಟ್‌ಗಳನ್ನು ಟಿವಿ ಪೂರ್ತಿ ತುಂಬಲಿ ಅಂತ ಅಡ್ಡಡ್ಡ ಎಳೆದಿರುತ್ತಾರೆ. ರಾಜ್‌ಕುಮಾರ್ ದಪ್ಪ ಕಾಣುತ್ತಾರೆ, ಕಾರಿನ ಚಕ್ರ ಮೊಟ್ಟೆ ಥರ ಇರುತ್ತೆ. ಟಿವಿ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆ 4:3 ಅಂತ ಮಾಡಿಕೋ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ, ಬರಲಿ. ಊರಲ್ಲಿ ದುಡ್ಡು ಕಟ್ಟಿದ ಆಪ್‌ಗಳಲ್ಲಿ ಕೆಲವು ಸಿನಿಮಾ ಇಲ್ಲಿ ತೆರೆಯುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ನಿಜ ಹೇಳಬೇಕೆಂದರೆ ಚಳಿಗಾಲಕ್ಕೆ ಸಿನಿಮಾಗಿಂತ ಧಾರಾವಾಹಿ ಒಳ್ಳೆಯದು. ದಿನಕ್ಕೆ ಒಂದೇ ಕಂತು, ಅದಕ್ಕಿಂತ ಜಾಸ್ತಿ ಬೇಡ. ನಾಳೆಗೆ ಏನೋ ಒಂದು ಉಳಿದಿರಬೇಕು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಇದೆ, ಆಗುಂಬೆಯಲ್ಲಿ ತೆಗೆದದ್ದು. ನಿಮ್ಮ ಜಿಲ್ಲೆಯೇ, ನಿನಗೆ ನಾನೇನು ಹೇಳಲಿ. ನಮ್ಮ ಜನ ಇಷ್ಟು ಹಚ್ಚಿಕೊಂಡ ಧಾರಾವಾಹಿ ಆಗ ಬಂದದ್ದು ಹಿಂದಿ, ಇಂಗ್ಲಿಷಿನಲ್ಲಿ ಅನ್ನುವುದು ನನಗೆ ಇವತ್ತಿಗೂ ತಮಾಷೆ. ಅದರಲ್ಲಿನ ಹುಡುಗ ಸ್ವಾಮಿ ಅಂದರೆ ಮಾಸ್ಟರ್ ಮಂಜುನಾಥ್ ಬಿಟ್ಟು ಬೇರೆ ಮುಖ ನನ್ನ ತಲೆಗೆ ಬರುವುದೇ ಇಲ್ಲ.

ಆದರೆ ನನ್ನದು ಅಂತ ಇರುವುದು ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'. ಚಂದನದಲ್ಲಿ ಬರುತ್ತಿತ್ತು. ಅರ್ಧಕ್ಕೇ ಬಿಟ್ಟು ವಿಮಾನ ಹತ್ತಿದ್ದೆ. ತಿಪಟೂರಿನಲ್ಲಿ ಅಮ್ಮ ಅದನ್ನು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ, ಇಲ್ಲಿಗೆ ಬರುವವರ ಕೈಲಿ ಕ್ಯಾಸೆಟ್ ಕಳಿಸಿದಳು. ಒಂದಕ್ಕೆ ಮೂರು ಗಂಟೆ, ಅಂದರೆ ಆರು ಕಂತು, ಮಧ್ಯೆ ಸೋಪಿನ ಜಾಹೀರಾತು ಸಮೇತ. ಆಸೆಯಿಂದ ಹಾಕಿದರೆ ಪರದೆ ತುಂಬ ಗೆರೆ, ಬೊಂಬೆಗಳು ಮೇಲಕ್ಕೆ ಉರುಳಿಕೊಂಡು ಹೋಗುತ್ತಿವೆ. ಆಗ ನಮ್ಮ ದೇಶದ ಟಿವಿ ಪ್ಯಾಲ್ ಪದ್ಧತಿಯದು, ಚಿತ್ರಕ್ಕೆ 625 ಗೆರೆ. ಇಲ್ಲಿಯದು ಎನ್‌ಟಿಎಸ್‌ಸಿ ಪದ್ಧತಿ ಆಗಿತ್ತು, 525 ಗೆರೆ. ಒಂದರ ಕ್ಯಾಸೆಟ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಯಾರಿಗೆ ಗೊತ್ತಿತ್ತು? ಇಪ್ಪತ್ತು ಮೈಲಿ ಆಚೆ ಹುಬ್ಬಳ್ಳಿ ಕಡೆಯವರ ಮನೆಯಲ್ಲಿ ಎರಡೂ ಓಡುವ ಮಲ್ಟಿಸಿಸ್ಟಮ್ ವಿಸಿಆರ್ ಇದೆ ಅಂತ ಯಾರೋ ಹೇಳಿದರು. ಮುಖ ಪರಿಚಯ ಇಲ್ಲದವರ ಮನೆಗೆ ಕ್ಯಾಸೆಟ್ ಹಿಡಿದು ಹೋದೆ. ಆಮೇಲೆ ಪ್ರತಿ ಶನಿವಾರ ಅಲ್ಲೇ, ಎಂಟು ಹತ್ತು ಜನ. ಇವತ್ತಿಗೆ ಇಲ್ಲಿ ನನಗೆ ನೆಂಟರು ಅಂತ ಯಾರಿದ್ದಾರೋ ಅವರೆಲ್ಲ ಆ ವಿಸಿಆರ್ ಮುಂದೆ ಸಿಕ್ಕವರು.

ಒಂದು ಕ್ಯಾಸೆಟ್ ಮೇಲೆ ಅಮ್ಮ ಪೆನ್ನಿನಲ್ಲಿ "ನಾಲ್ಕನೇದು ಇಲ್ಲ, ಕರೆಂಟ್ ಹೋಗಿತ್ತು" ಅಂತ ಬರೆದಿದ್ದಳು. ಐದು ಡಾಲರಿನ ಕಾರ್ಡ್ ಉಜ್ಜಿ ಫೋನ್ ಮಾಡಿ ಆ ಕಂತಿನ ಕಥೆ ಕೇಳಿದೆ. ಯಾರು ಬಂದರು, ಯಾರು ಏನಂದರು, ಯಾರು ಬಾಗಿಲು ಹಾಕಿಕೊಂಡು ಅತ್ತರು, ಎಲ್ಲ ಬಿಡಿಸಿ ಹೇಳಿದಳು. ಶನಿವಾರ ನಾನು ಅದನ್ನೇ ಎಲ್ಲರಿಗೂ ಒಪ್ಪಿಸಿದೆ.

ಕೆಲವು ವರ್ಷದ ಹಿಂದೆ ಆ ಕಂತು ಕೊನೆಗೂ ನೋಡಲು ಸಿಕ್ಕಿತು. ಅಮ್ಮ ಹೇಳಿದ್ದು ಒಂದೂ ಇಲ್ಲ ಅದರಲ್ಲಿ. ಫೋನ್ ಮಾಡಿ ಕೇಳಿದೆ.

"ಕರೆಂಟ್ ಹೋಗಿತ್ತಲ್ಲೇ," ಅಂದಳು. "ನಾನಾದ್ರೂ ಎಲ್ಲಿ ನೋಡಿದ್ದೆ?"